ಬೆನ್ನಿಗಿಟ್ಟ ಬೊಟ್ಟು

ಚಿತ್ರಗಾರ ಕಾಕಾನ ಎಡಗೆನ್ನೆ ಬಿಸಿಲಿಗೆ ಬಂದರೆ ಹೊಳೆಯುತ್ತಿತ್ತು. ಬಂಗಾರದ ರೇಕನ್ನು ಎತ್ತುವ ಮುಂಚೆ ಅವರು ಅಳಿಲಿನ ಕೂದಲಿನ ಅಗಲ ಕುಂಚವನ್ನು ಆ ಕೆನ್ನೆಗೆ ಒಮ್ಮೆ ಸವರಿಕೊಳ್ಳುತ್ತಿದ್ದರು. ಮುಖದ ಎಣ್ಣೆಪಸೆ ಕುಂಚಕ್ಕೆ ಹತ್ತಿದರೆ ಸಾಕು, ಉಸಿರಿಗೂ ಹರಿಯುವಂಥ ಆ ತೆಳು ಹಾಳೆ ತಾನಾಗಿ ಬಂದು ಅಂಟುತ್ತಿತ್ತು. ಐವತ್ತು ವರ್ಷ ಹೀಗೆ ಸವರಿ ಸವರಿ ಬಂಗಾರದ ಪುಡಿ ಅವರ ಚರ್ಮದ ಗೆರೆಗಳಲ್ಲೇ ಮನೆ ಮಾಡಿತ್ತು. ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳು, "ಕೆನ್ನಿ ತೊಳದ ನೀರ ನನಗ ಕೊಡ್ರಿ ಕಾಕಾ, ಮೂಗಬೊಟ್ಟ ಮಾಡಿಸ್ಕೋತೇನಿ" ಎಂದು ಕಾಡುತ್ತಿದ್ದಳು.

ಗೋಕಾಕದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಮರದ ಬಾಳೆಹಣ್ಣು, ಮಾವಿನಹಣ್ಣು, ಗಿಳಿ ಮಾಡಿ ಬಣ್ಣ ಹಚ್ಚುವುದು ಅವರ ನಿತ್ಯದ ಕಸುಬು. ಹುಕ್ಕೇರಿ, ಕಲ್ಲೋಳಿ ಕಡೆಯಿಂದ ದೇವರ ಮೂರ್ತಿಗಳು ಬಂದಾಗ ಕಿರೀಟಕ್ಕೆ ರೇಕು ಕೂರಿಸುತ್ತಿದ್ದರು. ಆ ದಿನ ಎಂಥ ಸೆಕೆಯಿದ್ದರೂ ಫ್ಯಾನ್ ಬಂದ್, ಕಿಟಕಿ ಬಂದ್. "ಗಾಳಿಯಂಥಾ ಕಳ್ಳ ಇಲ್ಲವಾ. ಬಂಗಾರ ಕಂಡ್ರ ಬಿಡೂದಿಲ್ಲ" ಎನ್ನುತ್ತಿದ್ದರು. ಹೆಂಚಿನ ಸಂದಿಯಿಂದ ಇಳಿದ ಒಂದು ಬಿಸಿಲುಕೋಲು, ಅದರೊಳಗೆ ತೇಲುವ ಹೊಂಬಣ್ಣದ ದೂಳು, ಉಸಿರು ಬಿಗಿಹಿಡಿದು ಕುಳಿತ ನಾವಿಬ್ಬರು. ಆ ಕೋಣೆಯಲ್ಲಿ ಮಧ್ಯಾಹ್ನ ಸಂಜೆಯಾದದ್ದು ನನಗೆ ಎಂದೂ ತಿಳಿಯಲಿಲ್ಲ.

ಮುಂದೆ ನಾನು ಹಿಡಿದದ್ದು ಪ್ರಬಲ ಲೇಸರ್ ಬೆಳಕಿನ ಕೆಲಸ. ಕೂದಲೆಳೆಗಿಂತ ನೂರಾರು ಪಟ್ಟು ತೆಳುವಾದ ಬಂಗಾರದ ಹಾಳೆಯ ಮೇಲೆ ಆ ಬೆಳಕನ್ನು ಬಿಟ್ಟರೆ, ಎವೆಯಿಕ್ಕುವುದರೊಳಗೆ ಅದು ಪ್ಲಾಸ್ಮಾ ಆಗುತ್ತದೆ. ಘನವಲ್ಲ, ದ್ರವವಲ್ಲ, ಗಾಳಿಯೂ ಅಲ್ಲ. ನಕ್ಷತ್ರಗಳ ಒಡಲಲ್ಲಿ ಇರುವಂಥ ಸ್ಥಿತಿ. ಆಗ ಹಾಳೆಯ ಹಿಂಬದಿಯಿಂದ ಚಿಮ್ಮುವ ಕಣಗಳನ್ನು ಹಿಡಿದು ಪರೀಕ್ಷಿಸುವುದೇ ನನ್ನ ಪಿಎಚ್‌ಡಿ. ವರ್ಷ ಕಾದ ಮೇಲೆ ಲೇಸರ್ ನನಗೆ ನಾಲ್ಕು ದಿನ ಸಿಕ್ಕಿತ್ತು. ಆದರೆ ಹಾಳೆಯನ್ನು ಬೆರಳುಗುರಿನಷ್ಟು ಚೌಕಟ್ಟಿಗೆ ಕೂರಿಸಲು ಹೋದರೆ ಒಂದೋ ಸುಕ್ಕು, ಇಲ್ಲವೋ ಚೂರು. ಸೋತು, ಚೌಕಟ್ಟುಗಳ ಡಬ್ಬಿ ಹೊತ್ತು ಊರಿಗೆ ಬಂದೆ.

"ಇಷ್ಟಕ್ಕ ಅಳಾಕತ್ತೀ ಏನ?" ಎಂದರು ಕಾಕಾ. ಕುಂಚವನ್ನು ಕೆನ್ನೆಗೆ ಸವರಿಕೊಂಡರು. ಎರಡು ಮಧ್ಯಾಹ್ನಗಳಲ್ಲಿ ಮೂವತ್ತು ಚೌಕಟ್ಟು ಮುಗಿದವು.

"ಇದರಿಂದ ಏನಾಗತೈತಿ?" ಎಂದು ನಡುವೆ ಕೇಳಿದರು. ಕ್ಯಾನ್ಸರ್ ಗಡ್ಡೆ ಸುಡುವ ದೊಡ್ಡ ಯಂತ್ರ ಮುಂದೊಂದು ದಿನ ಚಿಕ್ಕದಾಗಿ, ನಮ್ಮಂಥ ಊರಿನ ಆಸ್ಪತ್ರೆಗೂ ಬರಬಹುದು ಎಂದೆ. ಅವರ ಕೈ ನಿಂತಿತು. ಮೂಡಲಗಿಯಲ್ಲಿದ್ದ ಅವರ ಅಕ್ಕನ ಗಡ್ಡೆಗೆ ಕರೆಂಟ್ ಕೊಡಿಸಲೆಂದು ಎರಡು ತಿಂಗಳು ದೂರದ ಪಟ್ಟಣದಲ್ಲಿ ಕಾದು ಕುಳಿತವರು ಅವರು. ಅಕ್ಕ ಉಳಿಯಲಿಲ್ಲ. "ಹಂಗಾರ ಛಲೋತ್ನ್ಯಾಗ ಮಾಡೂಣು" ಎಂದಷ್ಟೇ ಅಂದು ಮತ್ತೆ ಬಗ್ಗಿದರು.

ಒಂದು ಮಾತನ್ನು ನಾನು ಮುಚ್ಚಿಟ್ಟೆ. ಅವರು ಬಂಗಾರ ಕೂರಿಸಿದ ಕಿರೀಟ ಒಂದು ತಲೆಮಾರು ಬಾಳುತ್ತಿತ್ತು. ಈ ಹಾಳೆ ಒಂದು ಮಿಂಚಿಗೆ ಇಲ್ಲವಾಗುತ್ತದೆ ಎನ್ನಲು ನನಗೆ ಬಾಯಿ ಬರಲಿಲ್ಲ.

ಪ್ರಯೋಗ ಶುರುವಾಯಿತು. ಕಣಗಳನ್ನು ತೋರಿಸುವ ಪರದೆಯ ಮೇಲೆ ಬಂಗಾರದ ಗೆರೆಯ ಪಕ್ಕದಲ್ಲಿ ಪ್ರತಿ ಸಲವೂ ಇಂಗಾಲದ ದಪ್ಪ ಗೆರೆ. ಸ್ವಲ್ಪ ಇಂಗಾಲ ಎಲ್ಲ ಹಾಳೆಗೂ ಅಂಟಿರುತ್ತದೆ, ಇದು ಸ್ವಲ್ಪವಾಗಿರಲಿಲ್ಲ. ಕೊಳೆ ಹತ್ತಿದೆಯೇನೋ ಎಂಬಂತೆ ನಮ್ಮ ಪ್ರೊಫೆಸರರು ನನ್ನ ಕೈಗಳನ್ನು ನೋಡಿದರು. ಮೂರನೆಯ ದಿನ ಉಳಿದ ಚೌಕಟ್ಟೊಂದನ್ನು ತಿರುವಿ ಸೂಕ್ಷ್ಮದರ್ಶಕದಡಿ ಇಟ್ಟೆ. ಅಲ್ಲಿಯವರೆಗೆ ಮುಂಬದಿಯನ್ನಷ್ಟೇ ನೋಡುತ್ತಿದ್ದೆವು. ಹಿಂಬದಿಯ ನಟ್ಟನಡುವೆ ಒಂದು ಕಪ್ಪು ಚುಕ್ಕೆ, ದುಂಡಗೆ, ಅಚ್ಚುಕಟ್ಟಾಗಿ. ಕಾಡಿಗೆ, ಅಂದರೆ ಅಪ್ಪಟ ಇಂಗಾಲ. ದೃಷ್ಟಿ ತಾಗದಿರಲೆಂದು ಪ್ರತಿ ಕಿರೀಟದ ಬೆನ್ನಿಗೂ ಕಾಕಾ ಕುಂಚದ ತುದಿಯಿಂದ ಇಡುತ್ತಿದ್ದ ಬೊಟ್ಟು! ಅದನ್ನು ಕಂಡು ಬೆಳೆದವಳು ನಾನು, ಪಕ್ಕದಲ್ಲೇ ಕುಳಿತಿದ್ದರೂ ಗಮನಿಸದೆ ಮರೆತಿದ್ದೆ.

ಆ ಸರದಿ ಹಾಳಾಯಿತು. ಲೇಸರಿನ ಹೊತ್ತು ಹಂಚುವವರು ಮೂರು ತಿಂಗಳ ಮೇಲೆ ಇನ್ನೆರಡು ದಿನ ಕೊಡುವುದಾಗಿಯೂ ಅದೇ ಕೊನೆಯೆಂದೂ ಹೇಳಿದರು. ಗೋಕಾಕದಲ್ಲಿ ಬಸ್ಸಿಳಿದವಳು ಚಪ್ಪಲಿಯನ್ನೂ ಬಿಡದೆ ಅವರ ಕೋಣೆಗೆ ನುಗ್ಗಿದೆ.

"ಯಾರ ಬೊಟ್ಟ ಇಡಂದಿದ್ರು ಕಾಕಾ? ಎಲ್ಲಾ ಕೆಡಿಸಿದ್ರಿ! ಒಂದೂ ಕೆಲಸಕ್ಕ ಬರಲಿಲ್ಲ, ಸುಟ್ಟೇವಿ. ಸುಡಾಕ ಅಂತನ ಮಾಡಿಸಿದ್ದು!"

ಕಾಕಾ ಕುಂಚ ಕೆಳಗಿಟ್ಟರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆಮೇಲೆ ಮೆಲ್ಲಗೆ ಕೇಳಿದರು: "ಸುಟ್ಟ ಮ್ಯಾಲ, ನನ್ನ ಬೊಟ್ಟ ನಿಮಗ ಹೆಂಗ ಗೊತ್ತಾತು?"

ಹೇಳಿದೆ. ಬಂಗಾರದ ಕಣ ಒಂದು ಹಾದಿ ಹಿಡಿಯುತ್ತದೆ, ಕಾಡಿಗೆಯದು ಇನ್ನೊಂದು. ಯಂತ್ರದ ಪರದೆಯ ಮೇಲೆ ತಮ್ಮ ತಮ್ಮ ಗೆರೆ ಎಳೆದು ಹೋಗುತ್ತವೆ.

"ಖರೆ?" ಅವರ ಮುಖ ಅರಳಿತು. "ಐವತ್ತ ವರ್ಷದಿಂದ ಇಡಾಕತ್ತೇನಿ. ದೇವರ ಬೆನ್ನ ಒಬ್ಬರೂ ನೋಡಿಲ್ಲವಾ. ನಿಮ್ಮ ಮಷಿನ್ ನೋಡ್ತು?" ಕಣ್ಣು ಒರೆಸಿಕೊಂಡು ನಕ್ಕರು. ಬೈಯಲು ಬಂದ ನಾನು ಅಲ್ಲೇ ಕುಳಿತು ಅತ್ತುಬಿಟ್ಟೆ.

ಮತ್ತೆ ಮೂವತ್ತು ಮಾಡಿಕೊಟ್ಟರು. ಒಂದೊಂದು ಮುಗಿದಾಗಲೂ ಅವರ ಕೈ ಕಾಡಿಗೆಯ ಬಟ್ಟಲಿನತ್ತ ಹೋಗಿ ಹಿಂದೆ ಬರುತ್ತಿತ್ತು. "ಬೊಟ್ಟಿಲ್ಲದ ಕೂಸಿನ್ನ ಓಣ್ಯಾಗ ಬಿಟ್ಟಂಗ ಆಗತೈತಿ" ಎಂದು ಒದ್ದಾಡಿದರು. ಕೊನೆಯದು ಮುಗಿದ ಮೇಲೆ ತಡೆಯಲಾರದೆ ಬೆರಳದ್ದಿ ನನ್ನ ಕಿವಿಯ ಹಿಂದೆ ಒತ್ತಿದರು. "ಹಾಳಿಗೆ ಬ್ಯಾಡಾದ್ರ ನಿನಗರ ಇರಲಿ. ತಲಿ ತೊಳಕೊಂಡ ಹೋಗಬ್ಯಾಡ ಮತ್ತ."

ನಾನು ತೊಳೆದುಕೊಳ್ಳಲಿಲ್ಲ. ಆ ಎರಡು ದಿನ ಗೆರೆಗಳು ನಿಚ್ಚಳವಾಗಿ ಬಂದವು. ನನ್ನ ಪಿಎಚ್‌ಡಿ ನಿಂತಿರುವುದು ಅವುಗಳ ಮೇಲೆ.

ಕಳೆದ ಮಳೆಗಾಲದಲ್ಲಿ ಕಾಕಾ ಹೋದರು. ನಾನು ಊರು ಮುಟ್ಟುವಷ್ಟರಲ್ಲಿ ದೇಹಕ್ಕೆ ಸ್ನಾನ ಮಾಡಿಸಿ ಅಂಗಳದಲ್ಲಿ ಕೂರಿಸಿದ್ದರು. ಮೋಡ ಸರಿದು ಒಂದಿಷ್ಟು ಬಿಸಿಲು ಬಿತ್ತು. ಅಷ್ಟು ನೀರು ಸುರಿದಿದ್ದರೂ ಎಡಗೆನ್ನೆ ಹಾಗೆಯೇ ಹೊಳೆಯುತ್ತಿತ್ತು.

ಅಂದು ಸೂಕ್ಷ್ಮದರ್ಶಕದಡಿ ಇಟ್ಟಿದ್ದ ಮೊದಲ ಕಂತಿನ ಚೌಕಟ್ಟೊಂದು ಹಳೆಯ ಡಬ್ಬಿಯಲ್ಲಿ ಉಳಿದಿತ್ತು, ಬೊಟ್ಟಿನದು. ಇಟ್ಟುಕೊಳ್ಳೋಣವೆಂದುಕೊಂಡಿದ್ದೆ. ಮೊನ್ನೆ ಕೆಲಸ ಮುಗಿದು ಇನ್ನೊಂದು ಸಲ ಲೇಸರ್ ಬಿಡುವಷ್ಟು ಹೊತ್ತು ಉಳಿದಾಗ ಅದನ್ನೇ ಒಳಗೆ ಕೂರಿಸಿದೆ. ಉಸಿರು ಹಿಡಿದು ಗುಂಡಿ ಒತ್ತಿದೆ. ಬಂಗಾರದ ಗೆರೆ ಮೂಡಿತು, ಅದರ ಪಕ್ಕದಲ್ಲಿ ಇನ್ನೊಂದು, ದಪ್ಪಗೆ.

"ಹಾಳೆಗೆ ಮಸಿ ಹತ್ತಿತ್ತೇನೋ" ಎಂದಳು ಜೊತೆಗಿದ್ದ ಗೆಳತಿ.

ಪರದೆಯ ಹತ್ತಿರ ಹೋಗಿ ಆ ಗೆರೆಗಷ್ಟೇ ಕೇಳುವಂತೆ ಹೇಳಿದೆ: "ಬೆನ್ನ ನೋಡೇನಿ ಕಾಕಾ."