ಹಿರಿಯರ ಎಡೆಗೆ ಮೂರು ಕೈ

ನಿನ್ನೆ ಕಾರವಾರದ ಪೇಟೆಯಲ್ಲಿ ಧೂಪಕ್ಕೆ ಲೋಬಾನ ಕೇಳಿದೆ. ಅಂಗಡಿಯವರು ಸಣ್ಣದೊಂದು, ದೊಡ್ಡದೊಂದು ಪೊಟ್ಟಣ ಮುಂದಿಟ್ಟು, "ದರ್ಗಾಕ್ಕೋ ಅಕ್ಕಾ, ಮನೆ ಪೂಜೆಗೋ?" ಎಂದರು. ಮೂಸಿ ನೋಡಿದೆ. ಎರಡರ ವಾಸನೆಯೂ ಒಂದೇ. ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವಳು ನಾನು. ಕಷ್ಟಪಟ್ಟು ಪಡೆದದ್ದು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಆದರೂ ಈ ಪ್ರಶ್ನೆಗೆ ಎರಡನ್ನೂ ಮತ್ತೊಮ್ಮೆ ಮೂಸಿದೆ.

ಪ್ರಶ್ನೆಗಳು ನನಗೆ ಹೊಸತಲ್ಲ ಬಿಡಿ. ನಾವು ಸಿದ್ದಿಗಳು. ಯಾವ ಕಾಲದಲ್ಲೋ ಆಫ್ರಿಕಾದಿಂದ ಹಡಗಿನಲ್ಲಿ ತಂದಿಳಿಸಿದ ಗುಲಾಮರ ಮಕ್ಕಳು, ಈಗ ಅಂಕೋಲೆಯ ಕಾಡಂಚಿನವರು. ಗೋವಾ ಗಡಿಯ ಮಾಜಾಳಿ ಬಸ್ಸಿನ ಕಂಡಕ್ಟರು ನನ್ನ ಬಣ್ಣ, ಕೂದಲು ನೋಡಿ ಇಂಗ್ಲಿಷಿನಲ್ಲಿ ಊರು ಕೇಳುತ್ತಾನೆ. ಕನ್ನಡದಲ್ಲಿ ಹೇಳಿದರೆ, ಯಾವುದಕ್ಕೂ ಇರಲಿ ಎಂದು ಕೊಂಕಣಿಯಲ್ಲಿ ಚಿಲ್ಲರೆ ಎಣಿಸಿ ಕೊಡುತ್ತಾನೆ.

ನನ್ನ ಅಜ್ಜಿ ಹಿಂದೂ. ಅವಳ ಅಣ್ಣನ ಮನೆಯವರು ಮುಸ್ಲಿಮರು, ತಂಗಿ ಕ್ರಿಶ್ಚಿಯನ್. ಅದು ಹೇಗೆ ಎಂದು ಕೇಳಿದರೆ, "ಸಣ್ಣಿರೂವಾಗ ನಮ್ಮನ್ನ ಮೂರು ಮನೆಗೆ ಕೆಲಸಕ್ಕೆ ಬಿಟ್ರು. ಯಾರ ಮನೇಲಿ ಉಂಡ್ವೋ ಅವ್ರ ದೇವ್ರು ನಮಗೂ ಆದ. ಹಿರಿಯರು ಮಾತ್ರ ನಮ್ಮವ್ರೇ" ಎನ್ನುತ್ತಿದ್ದಳು.

ಆ ಹಿರಿಯರಿಗೆ ವರ್ಷಕ್ಕೊಮ್ಮೆ ಮನೆಯ ಮೂಲೆಯಲ್ಲಿ ಎಲೆ ಹಾಕಿ, ಅನ್ನ, ಕೋಳಿಸಾರು ಬಡಿಸಿ ಲೋಬಾನದ ಹೊಗೆ ಹಾಕುತ್ತೇವೆ. ಅಜ್ಜಿ, ಅಣ್ಣ, ತಂಗಿ, ಈ ಮೂರೂ ಮನೆಯವರ ಕೈಯಿಂದ ಒಂದೊಂದು ತುತ್ತು ಬೀಳದೆ ಯಾರೂ ಉಣ್ಣುವಂತಿಲ್ಲ. ಇದು ಅಜ್ಜಿಯ ಕಾನೂನು, ತಿದ್ದುಪಡಿಗೆ ಅವಕಾಶವಿರಲಿಲ್ಲ.

ನಾನು ಪದವಿ ಮುಗಿಸಿದ ವರ್ಷ ಅಂಕೋಲೆಯಲ್ಲೊಂದು ಸೌಹಾರ್ದ ಸಭೆಯಾಯಿತು. ಒಂದೇ ಮನೆತನದ ಮೂರು ಧರ್ಮದವರು ವೇದಿಕೆಗೆ ಬೇಕೆಂದರು. ಅಜ್ಜಿಯನ್ನೂ ಅವಳ ತಂಗಿಯನ್ನೂ ಅಣ್ಣನ ಮೊಮ್ಮಗ ರಫೀಕನನ್ನೂ ಕರೆದೊಯ್ದೆ. ಸಂಘಟಕರಿಗೆ ಚಿಂತೆಯಾಯಿತು. "ಅಲ್ಲ ತಂಗಿ, ಎಲ್ಲಾ ಒಂದೇ ತರ ಕಾಣ್ತೀರಲ್ಲ. ಫೋಟೋದಲ್ಲಿ ಯಾರು ಯಾರು ಅಂತ ಗೊತ್ತಾಗೂದು ಹೆಂಗೆ?" ಕೊನೆಗೆ ರಫೀಕನಿಗೆ ಟೋಪಿ, ಚಿಕ್ಕಜ್ಜಿಗೆ ಶಿಲುಬೆ, ಅಜ್ಜಿಗೆ ಕೇಸರಿ ಶಾಲು ಬಂತು. ಹಿಂದಿನ ಬ್ಯಾನರಿನಲ್ಲಿ 'ನಾವೆಲ್ಲರೂ ಒಂದೇ' ಎಂದು ಬರೆದಿತ್ತು.

ಫೋಟೋ ಎಲ್ಲ ಕಡೆ ಹರಿದಾಡಿತು. ಅದನ್ನೇ ಹಿಡಿದು ಎರಡೂ ಕಡೆಯ ಹುಡುಗರು ಬಂದರು, ಬೇರೆ ಬೇರೆ ದಿನ. ಒಂದು ಕಡೆಯವರು ನಮಗೆ, ಎಡೆಗೆ ಅವರನ್ನು ಯಾಕೆ ಕರೆಯುತ್ತೀರಿ ಎಂದರು. ಇನ್ನೊಂದು ಕಡೆಯವರು ರಫೀಕನಿಗೆ, ಅಲ್ಲಿಗೆ ಯಾಕೆ ಹೋಗುತ್ತೀ ಎಂದರು. ಅಲ್ಲಿಯವರೆಗೆ ನಮ್ಮ ಕೇರಿಗೆ ಇಷ್ಟು ಜನ ಬಂದದ್ದನ್ನು ನಾನು ಕಂಡಿರಲಿಲ್ಲ.

ಆ ವರ್ಷದ ಎಡೆಗೆ ರಫೀಕ್ ಬರಲಿಲ್ಲ. ಅವನ ಮನೆಯಿಂದ ಯಾರೂ ಬರಲಿಲ್ಲ. ಸಾರು ಆರಿತು, ಮಕ್ಕಳು ಅತ್ತವು. ಅಜ್ಜಿ ಸೌಟು ಮುಟ್ಟಲಿಲ್ಲ. "ಅಣ್ಣನ ಮನೆ ಕೈ ತಪ್ಪಿದ್ರೆ ಇನ್ನು ಎಡೆಯೇ ಇಲ್ಲ" ಎಂದಳು.

ನಾನೇ ಹೋದೆ. ಇತಿಹಾಸದಿಂದ ಹಿಡಿದು ಸಂವಿಧಾನದವರೆಗೆ ಹೇಳಿದೆ. ರಫೀಕ್ ಚಹಾ ಕೊಟ್ಟು ಪೂರ್ತಿ ಕೇಳಿದ. "ಚಲೋ ಮಾತಾಡ್ತೀ ಅಕ್ಕಾ. ಆದ್ರೆ ನಾ ಅಲ್ಲಿ ಕೈ ಮುಗಿಯೂದಿಲ್ಲ. ಅಲ್ಲಾನ ಬಿಟ್ಟು ಯಾರಿಗೂ ಮುಗಿಯೂದಿಲ್ಲ."

ಅದನ್ನು ಅಜ್ಜಿಗೆ ಮುಟ್ಟಿಸಿದೆ. ಅವಳು, "ಮುಗಿ ಅಂತ ಯಾರು ಹೇಳಿದ್ರು? ಕೈಯಾಗೆ ಅನ್ನ ಇದ್ರೆ ಮುಗಿಯೂಕೆ ಎಲ್ಲಿ ಆಗ್ತದೆ? ಬಡಿಸಿ ಹೋಗೂಕೆ ಹೇಳು" ಎಂದಳು. ಮತ್ತೆ ನಡೆದೆ. ನನ್ನ ಪದವಿ ಆ ದಿನ ಅಂಚೆಯ ಕೆಲಸಕ್ಕೆ ಬಂತು.

ರಫೀಕ್ ಬಂದ. ಎಲೆಗೆ ಅನ್ನ ಹಾಕಿದ, ಕೈ ಮುಗಿಯಲಿಲ್ಲ. ಹೋಗಲೂ ಇಲ್ಲ, ಕೂತು ಎರಡು ಸಲ ಸಾರು ಹಾಕಿಸಿಕೊಂಡ. ಅಂದಿನಿಂದ ಪ್ರತಿ ವರ್ಷವೂ ಹಾಗೆಯೇ.

ಅಜ್ಜಿ ಈ ಮಳೆಗಾಲದಲ್ಲಿ ತೀರಿಕೊಂಡಳು. ಇನ್ನು ಅವನು ಬರುತ್ತಾನೋ ಇಲ್ಲವೋ ಎಂದು ನನಗೆ ಅಳುಕಿತ್ತು. ನಿನ್ನೆ ಬೆಳಿಗ್ಗೆ ಅವನೇ ಫೋನು ಮಾಡಿದ. "ನಾ ಬರೂವರೆಗೆ ಯಾರೂ ಉಣ್ಬೇಡಿ ಅಕ್ಕಾ. ಲೋಬಾನ ನೀ ತಾ."

ಅಂಗಡಿಯವರು ಇನ್ನೂ ಕಾಯುತ್ತಿದ್ದರು. "ಯಾವುದಕ್ಕೆ ಅಂತ ಹೇಳಲೇ ಇಲ್ಲ."

"ಅಜ್ಜಿಗೆ" ಎಂದೆ.

ಅವರು ಎರಡೂ ಪೊಟ್ಟಣಗಳನ್ನು ಕೈಯಲ್ಲಿ ತೂಗಿ ನೋಡಿ, ದೊಡ್ಡದನ್ನು ಕಟ್ಟಿಕೊಟ್ಟರು.