ಅತ್ತಿದ್ದರಿಂದಲ್ಲ

ಹೆಸರು ಹಿಡಿದು ಕರೆದರೆ ನಿಧಿ ತಿರುಗುತ್ತಿರಲಿಲ್ಲ.

ಮೊದಲು ಗಮನಿಸಿದವಳು ನಾನೇ. ಎರಡು ವರ್ಷದ ನನ್ನ ಮೊಮ್ಮಗಳು ಹೊಸ್ತಿಲ ಮೇಲೆ ಹುಣಸೆ ಬೀಜ ಜೋಡಿಸುತ್ತ ಕೂತಿದ್ದಳು. ಬಾಯಿಗೆ ಹಾಕಿಕೊಂಡಾಳೆಂದು ಪಕ್ಕದಲ್ಲೇ ಕೂತು ಕಾಯುತ್ತಿದ್ದೆ. ಅವಳು ಬಾಯಿಗೆ ಹಾಕಿಕೊಳ್ಳಲಿಲ್ಲ, ಚೆಲ್ಲಲಿಲ್ಲ, ಒಂದರ ಪಕ್ಕ ಒಂದು ಇಡುತ್ತ ಹೋದಳು. "ನಿಧೀ" ಎಂದೆ. ಇಲ್ಲ. "ನಿಧಿ ಬೇಬಿ, ಲುಕ್ ಅಟ್ ಅಜ್ಜಿ" ಎಂದೆ. ಇಲ್ಲ. ಅಷ್ಟರಲ್ಲಿ ಒಳಗೆ ಕುಕ್ಕರ್ ಕೂಗಿತು. ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಳು.

ಕಿವಿ ಕೇಳಿಸುತ್ತದೆ. ನಾವು ಮಾತ್ರ ಕೇಳಿಸುತ್ತಿಲ್ಲ.

ಸಂಜೆ ನನ್ನ ಮಗ ಹರೀಶ ಶಿರಾದಿಂದ ಡ್ಯೂಟಿ ಮುಗಿಸಿ ಬಂದ ಮೇಲೆ ಹೇಳಿದೆ. ಅವನು ನಕ್ಕ. "ಅಮ್ಮಾ, ನಾನು ಮಾತಾಡಿದ್ದೇ ಮೂರು ವರ್ಷಕ್ಕೆ ಅಂತ ನೀನೇ ಹೇಳ್ತಿದ್ದೆ." ಹೌದು, ನಾನೇ ಹೇಳುತ್ತಿದ್ದೆ. ನಮ್ಮ ಮಧುಗಿರಿಯಲ್ಲಿ ಸಮಾಧಾನ ಹೇಳುವವರಿಗೆ ಬರವಿಲ್ಲ. ಕಾಯಿರಿ, ಆಗುತ್ತದೆ, ಹೆಣ್ಣುಮಗು ಒಮ್ಮೆ ಶುರುಮಾಡಿದರೆ ನಿಲ್ಲಿಸುವುದಿಲ್ಲ ನೋಡಿ. ಹೀಗೆ ಕಾಯುತ್ತ ಎಂಟು ತಿಂಗಳು ಕಳೆದೆವು. ಆ ಎಂಟು ತಿಂಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಕೊನೆಗೆ ತುಮಕೂರಿನ ಒಂದು ಆಸ್ಪತ್ರೆಗೆ ಹೋದೆವು. ಹಿಯರಿಂಗ್ ಟೆಸ್ಟ್ ನಾರ್ಮಲ್. ಅಸೆಸ್‌ಮೆಂಟಿಗೆ ಬೇರೆ ದಿನ. ಆ ದಿನ ಹೋದರೆ ಡಾಕ್ಟರ್ ರಜೆ. ಮತ್ತೊಂದು ದಿನ. ಅಂತೂ ಒಂದು ಸಲ ಎಲ್ಲರೂ ಸಿಕ್ಕಿ, ಕೈಗೆ ನಾಲ್ಕು ಪುಟದ ಫಾರ್ಮ್ ಕೊಟ್ಟರು. ಹರೀಶ ಎಂದಿನಂತೆ ಅದನ್ನು ನನ್ನ ಕಡೆಗೆ ತಳ್ಳಿದ.

ನಮ್ಮ ಮನೆಯ ಇಂಗ್ಲಿಷ್ ಫಾರ್ಮ್‌ಗಳೆಲ್ಲ ನನ್ನವೇ. ಮನೆಯದೇನು, ಅರ್ಧ ಬೀದಿಯದು. ತುಮಕೂರಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ಕಲಿತದ್ದರಲ್ಲಿ ನನಗೆ ಉಳಿದಿರುವುದು ಕರ್ಸಿವ್ ಅಕ್ಷರ ಮತ್ತು ಒಂದಿಷ್ಟು ಜಂಬ. ಬಿಳಿ ರಿಬ್ಬನ್, ಪಾಲಿಶ್ ಮಾಡಿದ ಶೂ, ಮಧ್ಯಾಹ್ನದ ಪ್ರೇಯರ್ ಎಲ್ಲ ಎಲ್ಲಿಗೋ ಹೋದವು. ಅಕ್ಷರ ಮಾತ್ರ ಹಾಗೇ ಇದೆ. ನೋಡಿದವರು "ಅಮ್ಮಾವ್ರೇ, ಪ್ರಿಂಟ್ ಹೊಡ್ದಂಗೈತೆ" ಎನ್ನುತ್ತಾರೆ. ಈ ವಯಸ್ಸಿನಲ್ಲೂ ಆ ಮಾತು ನನಗೆ ಹಿತ.

ಎರಡನೇ ಪುಟದಲ್ಲಿ ಪ್ರೆಗ್ನೆನ್ಸಿ ಹಿಸ್ಟರಿ. ಬಸುರಿಯಾಗಿದ್ದಾಗ ತಾಯಿಗೆ ಕಾಯಿಲೆ ಅಥವಾ ಸ್ಟ್ರೆಸ್ ಏನಾದರೂ ಇತ್ತೇ? ಯೆಸ್ ಆರ್ ನೋ. ಇಫ್ ಯೆಸ್, ಸ್ಪೆಸಿಫೈ. ಹೌದಾದರೆ ವಿವರಿಸಿ.

ನಾನು ವಿವರಿಸಿದೆ.

ತನ್ನ ತಂದೆ ತೀರಿಕೊಂಡ ಕಾರಣ ಮಗುವಿನ ತಾಯಿಯ ಮನಸ್ಸು ಕೆಟ್ಟಿತ್ತು, ಸದಾ ಅಳುತ್ತಿದ್ದಳು ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ಬರೆದೆ. ಕಾರಣ ಹೇಳುವಾಗ "ಓಯಿಂಗ್ ಟು" ಎಲ್ಲಿ ಬಳಸಬೇಕು, "ಡ್ಯೂ ಟು" ಎಲ್ಲಿ ಎಂದು ಕಾನ್ವೆಂಟಿನ ಸಿಸ್ಟರ್ ನಮಗೆ ಬೆರಳ ಗೆಣ್ಣಿಗೆ ಸ್ಕೇಲಿನಲ್ಲಿ ಹೊಡೆದು ಕಲಿಸಿದ್ದರು. ಸರಿಯಾಗಿ ಬಳಸಿದೆನೆಂಬ ಖುಷಿಯಲ್ಲಿ ಏನು ಬರೆದೆ ಎಂಬುದರ ಕಡೆ ಲಕ್ಷ್ಯವೇ ಹೋಗಲಿಲ್ಲ.

ಒಳಗೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಆ ಸಾಲನ್ನು ಗಟ್ಟಿಯಾಗಿ ಓದಿದರು. ತಲೆಯೆತ್ತಿ, "ಅಳ್ತಿದ್ದಿದ್ದು ನೀವೇನಾ ಮೇಡಂ?" ಎಂದು ಪವಿತ್ರಳನ್ನು ಕೇಳಿದರು.

ಪವಿತ್ರ ನನ್ನ ಸೊಸೆ. ಪಾವಗಡದ ನಿಡುಗಲ್ ಕಡೆಯವಳು. ಕೊರಟಗೆರೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಸರ್ಕಾರಿ ಶಾಲೆಯ ಟೀಚರ್. ಇಂಗ್ಲಿಷ್ ಮಾತಾಡಲು ಹಿಂಜರಿಯುತ್ತಾಳೆ, ಅರ್ಥವಾಗದೆ ಏನಿಲ್ಲ. ಅವಳು ನನ್ನ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು.

ಗಂಟೆಗಟ್ಟಲೆ ಆಟ ಆಡಿಸಿ, ಪ್ರಶ್ನೆ ಕೇಳಿ, ಕೊನೆಗೆ ಹಿರಿಯ ಡಾಕ್ಟರಮ್ಮ ಬಂದು ಮೆತ್ತಗೆ ಹೇಳಿದರು.

ಆಟಿಸಂ.

ವಾಪಸು ಬರುವಾಗ ಬಸ್ಸು ಕೊರಟಗೆರೆಯಲ್ಲಿ ನಿಂತಿತ್ತು. ನಿಧಿ ಅಮ್ಮನ ತೊಡೆಯ ಮೇಲೆ ಕೂತು ಕಿಟಕಿಯ ಸರಳು ಎಣಿಸುವವಳಂತೆ ಮುಟ್ಟುತ್ತಿದ್ದಳು. ಸೌತೆಕಾಯಿ ಮಾರುವವಳು ಕೂಗಿಕೊಂಡು ಹೋದಳು. ಪವಿತ್ರ ನನ್ನ ಕಡೆ ತಿರುಗದೆಯೇ ಕೇಳಿದಳು.

"ಅತ್ತೆ, ನಾನ್ ಅತ್ತಿದ್ದಕ್ಕಾ ಇಂಗಾಯ್ತು?"

ಇಲ್ಲ ಎನ್ನಬೇಕಿತ್ತು. ಗೊತ್ತಿಲ್ಲ ಎಂದಿದ್ದರೂ ಸಾಕಿತ್ತು. ನಾನು ಕನ್ನಡಕ ಹಾಕಿಕೊಂಡು ಮೊಬೈಲ್ ತೆಗೆದೆ. ಇಂಗ್ಲಿಷ್ ಬರುತ್ತದಲ್ಲ. ಬಸುರಿನಲ್ಲಿ ಸ್ಟ್ರೆಸ್, ಮಗುವಿಗೆ ಆಟಿಸಂ ಎಂದು ಹುಡುಕಿದರೆ ಉದ್ದದ ಲೇಖನ ಬಂತು. ಅದರಲ್ಲಿ "ಅಸೋಸಿಯೇಟೆಡ್ ವಿತ್" ಎಂದಿತ್ತು, "ಲೈಕ್ಲಿಹುಡ್" ಎಂದಿತ್ತು, "ಮೇ" ಎಂದಿತ್ತು; ನಂಟಿರಬಹುದು, ಸಾಧ್ಯತೆ ಇದೆ ಎಂಬಷ್ಟೇ. ಹರೀಶನೂ ಮುಂದಿನ ಸೀಟಿನಿಂದ ಕುತ್ತಿಗೆ ತಿರುಗಿಸಿ ಕಾಯುತ್ತಿದ್ದ. ಅಷ್ಟನ್ನೂ ಕನ್ನಡ ಮಾಡಲು ನನಗೆ ತಾಳ್ಮೆ ಇರಲಿಲ್ಲ. "ಸ್ಟ್ರೆಸ್‌ನಿಂದ ಆಗುತ್ತಂತೆ" ಎಂದೆ.

"ಇಂದ". ಅಷ್ಟೇ ನಾನು ಸೇರಿಸಿದ್ದು. ಲೇಖನದಲ್ಲಿ ಅದು ಇರಲಿಲ್ಲ.

ಪವಿತ್ರ ಸೆರಗಿನಿಂದ ನಿಧಿಯ ಮೂಗು ಒರೆಸಿದಳು.

ಮನೆಯವರ ಮಧ್ಯೆ ಆಡಿದ ಮಾತು ಕಾಂಪೌಂಡ್ ದಾಟುವುದಕ್ಕೆ ಎಷ್ಟು ಹೊತ್ತು? ಪಕ್ಕದ ಮನೆಯ ಗಿರಿಜಮ್ಮ ಮೊಸರಿಗೆ ಹೆಪ್ಪು ಕೇಳುವ ನೆಪದಲ್ಲಿ ಬಂದಳು. "ಬಸ್ರೀಲಿ ಕಣ್ಣೀರ್ ಹಾಕ್ಬಾರ್ದು ಕಣಮ್ಮ. ಹೊಟ್ಟೆ ಒಳ್ಗಿರೋದು ಎಲ್ಲಾ ಕುಡ್ಕೊಂಬುಡ್ತದೆ. ಹೋಗ್ಲಿ ಬುಡು, ಈಗ ಟೆನ್ಷನ್ ತಗೋಬೇಡ." ಟೆನ್ಷನ್ ತಗೋಬೇಡ ಎನ್ನುವವರು ಅದನ್ನು ಜೊತೆಗೇ ತಂದು ಮಡಿಲಿಗೆ ಹಾಕಿ ಹೋಗುತ್ತಿದ್ದರು. ನಾನು ಗಿರಿಜಮ್ಮನಿಗೆ ಎದುರಾಡಲಿಲ್ಲ. ಲೋಟದಲ್ಲಿ ಹೆಪ್ಪು ಹಾಕಿಕೊಟ್ಟೆ.

ಪವಿತ್ರ ಅಳುವುದನ್ನು ಬಿಟ್ಟಳು. ನಗುವುದನ್ನೂ ಬಿಟ್ಟಳು. ಮಗುವನ್ನು ಎತ್ತಿಕೊಳ್ಳುವುದಕ್ಕೂ ಹೆದರಿಕೆ. ತನ್ನ ಮೈಯಿಂದ ಮತ್ತೇನಾದರೂ ಅಂಟೀತು ಎಂಬಂತೆ ತೋಳು ಚಾಚಿ ಹಿಡಿಯುತ್ತಿದ್ದಳು. ವಾರಕ್ಕೆ ಎರಡು ಸಲ ತುಮಕೂರಿಗೆ ಥೆರಪಿ. ಬೆಳಿಗ್ಗೆ ಏಳಕ್ಕೆ ಬಸ್ಸು, ಸೀಟು ಸಿಕ್ಕರೆ ಪುಣ್ಯ, ಹಾರ್ನ್ ಹೊಡೆದಾಗಲೆಲ್ಲ ನಿಧಿಯ ಕಿರುಚಾಟ, "ಮಗೀಗೆ ದೃಷ್ಟಿ ತೆಗೀರಮ್ಮ" ಎನ್ನುವ ಸಹಪ್ರಯಾಣಿಕರು. ಅಲ್ಲಿ ಹೋದರೆ ಥೆರಪಿಸ್ಟ್ ಹುಡುಗಿ ಚಾಪೆ ಹಾಸಿ ಹೇಳುತ್ತಿದ್ದಳು: "ಮೇಡಂ, ಅವಳು ಮಾಡಿದ ಹಾಗೇ ನೀವೂ ಮಾಡಿ. ಮುಖ ಮಾಡಿ, ಕೂಗಿ, ನಗ್ಸಿ. ನಾನು ವಾರಕ್ಕೆರಡು ಸಲ ಸಿಗ್ತೀನಿ. ನೀವು ದಿನಾ ಇರ್ತೀರ. ನೀವೇ ಇವಳ ಥೆರಪಿ." ಶಾಲೆಯಲ್ಲಿ ನಲವತ್ತು ಮಕ್ಕಳನ್ನು ಕುಣಿಸುವವಳು ಚಾಪೆಯ ಮೇಲೆ ಇನ್‌ಸ್ಪೆಕ್ಷನ್ನಿಗೆ ಕೂತ ಹಾಗೆ ಕೂತಿರುತ್ತಿದ್ದಳು.

ಮೂರು ತಿಂಗಳು. ನಿಧಿ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ.

ಒಂದು ದಿನ ಬೀರುವಿನಲ್ಲಿ ವ್ಯಾಕ್ಸಿನೇಷನ್ ಕಾರ್ಡ್ ಹುಡುಕುವಾಗ ಅವಳ ರಾಜೀನಾಮೆ ಪತ್ರ ಸಿಕ್ಕಿತು. ದಿನಾಂಕ ಹಾಕಿರಲಿಲ್ಲ. ಮಗಳ ಸ್ಥಿತಿಗೆ ನಾನೇ ಕಾರಣಳಾದ್ದರಿಂದ ಪೂರ್ತಿ ಸಮಯ ಅವಳಿಗೆ ಕೊಡಬೇಕಾಗಿದೆ ಎಂದು ಬರೆದಿದ್ದಳು. ಮನೆಯ ಎಲ್ಲರ ಅರ್ಜಿ ಬರೆಯುವ ನನ್ನನ್ನು ಇದಕ್ಕೆ ಕೇಳಿರಲಿಲ್ಲ.

ಕಾರಣಳಾದ್ದರಿಂದ. ಅಲ್ಲೂ ನನ್ನ "ಇಂದ".

ಫಾರ್ಮಿನಲ್ಲಿ ನಾನು ಬರೆಯದೆ ಬಿಟ್ಟ ಒಂದು ಸಂಗತಿ ಇದೆ. ಇಲ್ಲಿ ಬರೆಯುತ್ತೇನೆ.

ಪವಿತ್ರಳಿಗೆ ಏಳು ತಿಂಗಳು ತುಂಬಿದಾಗ ಅವಳ ಅಪ್ಪ ಹೋದರು. ಬೆಳಿಗ್ಗೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕುವಾಗ ಫೋನ್ ಬಂತು. ಅವಳು ಉಟ್ಟ ಸೀರೆಯಲ್ಲೇ ಹೊರಟಳು. ನಾನು ಬಾಗಿಲಿಗೆ ಅಡ್ಡ ನಿಂತೆ. ಬಸುರಿ ಹೆಣ ನೋಡಬಾರದು ಎಂಬುದು ನಮ್ಮ ಕಡೆಯ ಶಾಸ್ತ್ರ. ಆದರೆ ಕಾನ್ವೆಂಟಿನಲ್ಲಿ ಓದಿದವಳಿಗೆ ಶಾಸ್ತ್ರ ಎಂದು ಹೇಳಲು ನಾಚಿಕೆ. ಅದಕ್ಕೆ ಇಂಗ್ಲಿಷಿನ ಅಂಗಿ ತೊಡಿಸಿದೆ. "ಸ್ಟ್ರೆಸ್ ಆಗುತ್ತೆ ಪವಿ, ನಾಟ್ ಗುಡ್ ಫಾರ್ ದ ಬೇಬಿ." ಅವಳು ಬೇಡಿಕೊಂಡಳು. "ದೂರದಲ್ಲಿ ನಿಂತ್ ನೋಡಿ ಬರ್ತೀನಿ ಅತ್ತೆ. ನಮ್ಮ ನಾಯ್ನ ಅತ್ತೆ." ಅಪ್ಪನನ್ನು ಅವರ ಕಡೆ ತೆಲುಗಿನಂತೆ ನಾಯ್ನ ಎನ್ನುತ್ತಾರೆ. ನಾನು ಕದಲಲಿಲ್ಲ. ಹರೀಶ ಒಬ್ಬನೇ ಹೋಗಿ ಅಲ್ಲಿಂದ ವಿಡಿಯೋ ಕಾಲ್ ಮಾಡಿದ. ನಿಡುಗಲ್ ಬೆಟ್ಟದ ಬುಡದಲ್ಲಿ ನೆಟ್‌ವರ್ಕ್ ಎಲ್ಲಿಯದು? ಅವಳ ಅಪ್ಪನ ಮುಖ ಚೌಕ ಚೌಕವಾಗಿ ಒಡೆದು, ಹಾಗೇ ನಿಂತುಬಿಟ್ಟಿತು. ಅದೇ ಅವಳು ಕೊನೆಯದಾಗಿ ನೋಡಿದ್ದು.

ಆಮೇಲೆ ಎರಡು ತಿಂಗಳು ಅತ್ತಳು. ಅಳದೆ ಏನು ಮಾಡುತ್ತಾಳೆ?

ರಾಜೀನಾಮೆ ಪತ್ರವನ್ನು ಹ್ಯಾಂಡ್‌ಬ್ಯಾಗಿಗೆ ಹಾಕಿಕೊಂಡು ಮುಂದಿನ ವಿಸಿಟ್‌ಗೆ ನಾನೂ ಹೋದೆ. ಡಾಕ್ಟರಮ್ಮನ ಮೇಜಿನ ಮೇಲಿಟ್ಟೆ. ಪವಿತ್ರ ಗಾಬರಿಯಾಗಿ, "ಅತ್ತೆ, ಇದ್ಯಾಕ್ ತಂದ್ರಿ?" ಎಂದಳು. ಡಾಕ್ಟರಮ್ಮ ಓದಿದರು. ಕನ್ನಡಕ ತೆಗೆದರು.

"ಯಾರಮ್ಮ ಹೇಳಿದ್ದು ನೀವು ಕಾರಣ ಅಂತ?"

ಪವಿತ್ರ ನನ್ನನ್ನು ತೋರಿಸಲಿಲ್ಲ. ನಾನೇ ಕೈಯೆತ್ತಿದೆ, ಕ್ಲಾಸಿನಲ್ಲಿ ಸಿಕ್ಕಿಬಿದ್ದವಳ ಹಾಗೆ.

ಡಾಕ್ಟರಮ್ಮ ನಿಧಾನವಾಗಿ ಹೇಳಿದರು. "ಸಾವಿರಾರು ತಾಯಂದಿರನ್ನ ಒಟ್ಟಿಗೆ ನೋಡ್ದಾಗ, ತುಂಬಾ ಸ್ಟ್ರೆಸ್ ಇದ್ದವರ ಮಕ್ಕಳಲ್ಲಿ ಆಟಿಸಂ ಸ್ವಲ್ಪ ಹೆಚ್ಚು ಅಂತ ಕೆಲವು ಸ್ಟಡೀಸ್ ಹೇಳ್ತವೆ. ಕೆಲವು ಹಾಗೇನಿಲ್ಲ ಅಂತಾವೆ. ಜೀನ್ಸ್ ಪಾಲು ದೊಡ್ಡದು, ಇನ್ನೂ ನಮಗೇ ಗೊತ್ತಿಲ್ಲದ್ದು ಬೇಕಾದಷ್ಟಿದೆ. ಅಷ್ಟು ಇಟ್ಕೊಂಡು ಒಬ್ಬ ತಾಯಿ ಮುಂದೆ ನಿಂತು 'ನಿನ್ನಿಂದ' ಅನ್ನೋಕೆ ನನಗೆ ಬರಲ್ಲ. ಯಾರಿಗೂ ಬರಲ್ಲ. ಅಪ್ಪ ಸತ್ತಾಗ ಅತ್ತಿದ್ದಕ್ಕೆ ಮಗುಗೆ ಆಟಿಸಂ ಬರಲ್ಲಮ್ಮ."

"ಹಾಗಾದರೆ ಫಾರ್ಮಿನಲ್ಲಿ ಯಾಕೆ ಕೇಳುತ್ತೀರಿ?" ಎಂದೆ. ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಗೊತ್ತಿರಲಿಲ್ಲ.

"ಹಿಸ್ಟರಿ ಅದು. ತೀರ್ಪಲ್ಲ. ತಾಯಿಗೆ ಏನು ಸಹಾಯ ಬೇಕು ಅಂತ ತಿಳಿಯೋಕೂ ಕೇಳ್ತೀವಿ." ಕನ್ನಡಕ ಮತ್ತೆ ಹಾಕಿಕೊಂಡು, "ಅದನ್ನ ಅವರಿಗೆ ಆವತ್ತೇ ಬಿಡಿಸಿ ಹೇಳ್ಬೇಕಿತ್ತು, ನಾವೂ ಹೇಳ್ಲಿಲ್ಲ" ಎಂದರು.

ಫೈಲ್ ಕೊಡಿ ಎಂದೆ. ಕೊಟ್ಟರು. ನನ್ನ ಸುಂದರವಾದ ಸಾಲಿನ ಕೆಳಗೆ, ಅಕ್ಷರ ಸೊಟ್ಟಗಾದರೂ, ಇನ್ನೊಂದು ಸಾಲು ಬರೆದೆ. ತಂದೆಯ ಮುಖ ನೋಡಲು ನಾನು ಅವಳನ್ನು ಬಿಡಲಿಲ್ಲ. ಈ ಸಲ ಕನ್ನಡದಲ್ಲಿ.

ಹೊರಗೆ ಬೆಂಚಿನ ಮೇಲೆ ಕೂತೆವು. ನಿಧಿ ನೆಲದ ಟೈಲ್ಸಿನ ಗೆರೆ ಹಿಡಿದು ಹೋಗುತ್ತ ಬರುತ್ತ ಇದ್ದಳು. ನಾನು ಪವಿತ್ರಳ ಕೈ ಹಿಡಿದೆ. "ಸ್ಟ್ರೆಸ್ ಕೊಟ್ಟವಳೇ ನಾನು ಪವಿ. ಆಗಿದ್ದರೆ ನನ್ನಿಂದಲೇ ಆಗಿರಬೇಕು. ಇಟ್ ಈಸ್ ಮೈ ಫಾಲ್ಟ್."

ಅವಳು ಕೈ ಬಿಡಿಸಿಕೊಂಡಳು.

"ಅದೂ ನಿಮ್ದೇ ಆಗ್ಬೇಕಾ ಅತ್ತೆ? ಈಗ್ತಾನೆ ಡಾಕ್ಟ್ರಮ್ಮ ಹೇಳಿದ್ದು ಕೇಳ್ಲಿಲ್ವಾ? ನಿಧಿ ಇಂಗಿರೋದು ನನ್ನಿಂದಾನೂ ಅಲ್ಲ, ನಿಮ್ಮಿಂದಾನೂ ಅಲ್ಲ. ಅವ್ಳು ಇರೋದೇ ಇಂಗೆ. ಅವ್ಳನ್ ಯಾರ್ ತಪ್ಪೂ ಮಾಡ್ಬೇಡಿ." ಆಮೇಲೆ ನನ್ನ ಕಡೆ ಪೂರ್ತಿ ತಿರುಗಿದಳು. "ನಾಯ್ನ ಮುಖ ನೋಡೋಕ್ ಬುಡ್ಲಿಲ್ವಲ್ಲ, ಅದು ನಿಮ್ದು. ಅದೊಂದನ್ನ ಇಟ್ಕೊಳಿ."

ಇಟ್ಟುಕೊಂಡೆ. ಸಾರಿ ಎಂದೆ. ಆ ಪದವನ್ನು ಬಸ್ಸಿನಲ್ಲಿ ಕಾಲು ತುಳಿದರೂ ಬಳಸುತ್ತೇವೆ. ಅದಕ್ಕೇ ಮತ್ತೆ, "ತಪ್ಪಾಯ್ತು ಪವಿ" ಎಂದೆ. ಅವಳು ಹೂಂ ಎನ್ನಲಿಲ್ಲ. ಡಾಕ್ಟರಮ್ಮ ವಾಪಸು ಕೊಟ್ಟಿದ್ದ ರಾಜೀನಾಮೆ ಪತ್ರವನ್ನು ಮಾತ್ರ ನನ್ನ ಕೈಯಿಂದ ತೆಗೆದುಕೊಂಡು ಸಣ್ಣಗೆ ಹರಿದಳು.

ಇದಾಗಿ ನಾಲ್ಕು ತಿಂಗಳು. ಎಲ್ಲ ಸರಿಹೋಯಿತು ಎಂದು ಬರೆಯಲು ನನಗೂ ಆಸೆ. ಬಸ್ಸು ಅದೇ, ಹಾರ್ನ್ ಅದೇ, ಅಪಾಯಿಂಟ್‌ಮೆಂಟ್ ಮುಂದಕ್ಕೆ ಹೋಗುವುದೂ ಅದೇ. ಗಿರಿಜಮ್ಮ ಈಗ ಯಾವುದೋ ಬೇರಿನ ಕಷಾಯ ಹೇಳುತ್ತಿದ್ದಾಳೆ. ಈ ಸಲ ನಾನು ಬಾಗಿಲಲ್ಲೇ, "ನೋ ಥ್ಯಾಂಕ್ಸ್ ಗಿರಿಜಾ" ಎಂದೆ. "ಅಯ್ಯೋ, ಒಳ್ಳೇದಕ್ ಹೇಳಿದ್ರೆ ಇಂಗ್ಲೀಸಲ್ ಬೈತೀರಲ್ಲಮ್ಮ" ಎಂದು ಮೂತಿ ತಿರುಗಿಸಿಕೊಂಡು ಹೋದಳು. ಹರೀಶ ಶನಿವಾರದ ಥೆರಪಿಗೆ ತಾನೇ ಕರೆದುಕೊಂಡು ಹೋಗುತ್ತಾನೆ. ಪವಿತ್ರ ಚಾಪೆಯ ಮೇಲೆ ಕೋಳಿಯ ಹಾಗೆ ಕೂಗುತ್ತಾಳೆ. ಹತ್ತು ಸಲ ಕರೆದರೆ ಎರಡು ಸಲ, ಕೆಲವು ದಿನ ಮೂರು ಸಲ, ನಿಧಿ ತಿರುಗುತ್ತಾಳೆ. ಅಜ್ಜಿ ಎಂದು ಇನ್ನೂ ಕರೆದಿಲ್ಲ. ಕರೆಯದೆಯೂ ಇರಬಹುದು ಎಂಬುದನ್ನು ನಾನು ಕಲಿಯುತ್ತಿದ್ದೇನೆ. ಒಳ್ಳೆಯ ಸ್ಟೂಡೆಂಟ್ ಅಲ್ಲ.

ಕಳೆದ ಭಾನುವಾರ ಪವಿತ್ರ, "ನಾಯ್ನ ಹತ್ರ ಹೋಗ್ಬೇಕು. ನೀವೂ ಬನ್ನಿ" ಎಂದಳು. ನಿಡುಗಲ್ ಬಳಿ ಅವರ ಹೊಲದ ಮೂಲೆಯಲ್ಲಿ, ಹುಣಸೆ ಮರದ ಪಕ್ಕ, ಕಲ್ಲು ಕಟ್ಟಿದ ಸಮಾಧಿ. ಅವಳ ಅಮ್ಮ ಗುಡಿಸಿ ನೀರು ಚಿಮುಕಿಸಿ ಇಟ್ಟಿದ್ದರು. ನನ್ನನ್ನು ಕಂಡು, "ಬನ್ನಿ ಅಕ್ಕಯ್ಯ" ಎಂದರು. ಅಷ್ಟೇ.

ಪವಿತ್ರ ಕಲ್ಲಿನ ಮೇಲೆ ಎರಡೂ ಕೈಯಿಟ್ಟಳು. ಆಮೇಲೆ "ನಾಯ್ನಾ" ಎಂದು ಕೂಗಿ ಅತ್ತಳು, ಮಗಳ ಎದುರಿಗೇ, ಮೂರು ವರ್ಷದ ಅಳು. ಅಳಬೇಡ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಮಗು ನೋಡುತ್ತಿದೆ ಎಂಬುದೂ ಬಂತು. ಎರಡನ್ನೂ ನುಂಗಿದೆ.

ನಿಧಿ ಕಿವಿ ಮುಚ್ಚಿಕೊಳ್ಳಲಿಲ್ಲ. ಮರದ ಕೆಳಗೆ ಬಿದ್ದಿದ್ದ ಬೀಜಗಳನ್ನು ಹೆಕ್ಕಿ ತಂದು, ಅಮ್ಮನ ಅಳುವಿನ ಪಕ್ಕದಲ್ಲೇ, ಕಲ್ಲಿನ ಅಂಚಿಗೆ ಒಂದೊಂದಾಗಿ ಜೋಡಿಸತೊಡಗಿದಳು. ಅಮ್ಮನ ಕೈ ಅಡ್ಡ ಬಂದ ಕಡೆ ಅದನ್ನು ಸರಿಸಲಿಲ್ಲ. ಬೆರಳುಗಳ ಮೇಲೂ ಎರಡು ಬೀಜ ಇಟ್ಟು, ಸಾಲನ್ನು ಮುಂದುವರಿಸಿದಳು.

ಪವಿತ್ರ ಅಳುತ್ತಲೇ ಇದ್ದಳು. ಕೈ ಮಾತ್ರ ಅಲ್ಲಾಡಿಸಲಿಲ್ಲ.