ಮುದ್ದೆ ತಿರುವುವವರಿಗೆ ತೊಡಿಸಿದ ರೈನ್‌ಕೋಟು

ನಾನು ನಿಂತಿದ್ದು ಹಿರಿಯೂರಿನ ನಮ್ಮ ಮನೆಯ ಹಿತ್ತಲ ಬಾಗಿಲಲ್ಲಿ, ನೆರಳಿನಲ್ಲಿ. ಹೋದ ವರ್ಷದ ಏಪ್ರಿಲ್, ಮಗಳ ಬೀಗರೂಟದ ದಿನ, ಬೆಳಿಗ್ಗೆ ಹನ್ನೊಂದೂವರೆ. ಒಲೆ ಇದ್ದದ್ದು ನನ್ನಿಂದ ಆರು ಹೆಜ್ಜೆ ದೂರ, ತಗಡಿನ ಚಪ್ಪರದ ಕೆಳಗೆ.

ಯಲ್ಲದಕೆರೆಯಿಂದ ಬಂದಿದ್ದ ಅಡುಗೆಯವರು ಎರಡೂ ಕೈಯಲ್ಲಿ ಕೋಲು ಹಿಡಿದು ರಾಗಿ ಮುದ್ದೆ ತಿರುವುತ್ತಿದ್ದರು. ಹಿಟ್ಟು ಗಟ್ಟಿಯಾದಷ್ಟೂ ಅವರ ಹೆಗಲು, ಬೆನ್ನು ಬಿಗಿಯುತ್ತಿದ್ದವು. ಬನಿಯನ್ ಪೂರ್ತಿ ತೊಯ್ದಿತ್ತು. ಉಂಡೆ ಕಟ್ಟಲು ಕುಳಿತಿದ್ದ ಅವರ ತಂಗಿಯೂ ಅದೇ ಬೆಂಕಿಯ ಎದುರೇ ಇದ್ದರು; ಅವರ ಹಣೆಯಲ್ಲಿ ಮಾತ್ರ ಬೆವರಿತ್ತು. ಆ ವ್ಯತ್ಯಾಸ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನಾನು ನೋಡುತ್ತಿದ್ದುದು ಅಡುಗೆಯವರ ಮೊಣಕೈಯಿಂದ ಇಳಿಯುತ್ತಿದ್ದ ಹನಿಯನ್ನು.

"ಬೆವರು ಪಾತ್ರೆಗೆ ಬೀಳ್ತೈತಲ್ರಿ. ಬೀಗರು ನೋಡಿದ್ರೆ ಏನಂದ್ಕಂತಾರೆ?" ಎಂದೆ.

"ತಿರುವೋನಿಗೆ ಬರ್ದೆ ಉಣ್ಣೋರಿಗೆ ಬರ್ತೈತೇನ್ರಿ ಬೆವರು?" ಎಂದು ಅವರು ನಕ್ಕು, ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು.

ನಾನು ನಗಲಿಲ್ಲ. ಬೈಕಿನಲ್ಲಿದ್ದ ರೈನ್‌ಕೋಟು ತಂದು, ನಾನೇ ತೊಡಿಸಿ, ಕುತ್ತಿಗೆಯವರೆಗೂ ಜಿಪ್ ಎಳೆದೆ.

"ಅಣ್ಣಾ, ತೆಗ್ದಾಕು ಅದ್ನ. ಬೆಂದೋಗ್ತೀಯ," ಎಂದರು ತಂಗಿ.

"ಇರ್ಲಿ ಬಿಡವ್ವ, ಇನ್ನೊಂದೇ ಪಾತ್ರೆ ಐತೆ."

ಆ ಪಾತ್ರೆ ಮುಗಿಯುವ ಮೊದಲೇ ಅವರ ಕೈಯಿಂದ ಕೋಲು ಜಾರಿತು. ಏನೋ ಹೇಳಲು ಹೋಗಿ ತೊದಲಿದರು. ಒಲೆಯ ಈಚೆಗೆ ಕುಸಿದರು. ತಂಗಿ ಜಿಪ್ ಎಳೆದಾಗ ಕೋಟಿನ ತೋಳಿನಿಂದ ನೀರು ಸುರಿಯಿತು. ಮೈ ಮುಟ್ಟಿದೆ, ಸುಡುತ್ತಿತ್ತು. ಅಷ್ಟು ಬೆವರು ಬಂದರೂ ಅದು ಆರಲು ಗಾಳಿ ಇರಲಿಲ್ಲ. ಗಾಳಿಯನ್ನು ತಡೆದವನು ನಾನು.

ಆಸ್ಪತ್ರೆಯಲ್ಲಿ ಡಾಕ್ಟರು, ಏನು ಕೆಲಸ ಮಾಡುತ್ತಿದ್ದರು, ಮೈಮೇಲೆ ಏನಿತ್ತು ಎಂದು ಕೇಳಿದರು. "ಬೆಳಿಗ್ಗೆಯಿಂದ ಏನೂ ತಿಂದಿರ್ಲಿಲ್ಲ ಅನ್ಸುತ್ತೆ," ಎಂದೆ. ಅವರು ತಿಂದಿದ್ದರು. ಉಪ್ಪಿಟ್ಟು ಬಡಿಸಿದ್ದವನೇ ನಾನು. ತಂಗಿ ನನ್ನನ್ನೊಮ್ಮೆ ನೋಡಿ, ರೈನ್‌ಕೋಟಿನ ವಿಷಯ ಹೇಳಿದರು. ಯಾರು ತೊಡಿಸಿದರು ಎಂಬುದನ್ನು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಮೂರನೆಯ ದಿನ ಅಡುಗೆಯವರು ಚೇತರಿಸಿಕೊಂಡು ಊರಿಗೆ ಹೋದರು. ಈಗ ಸಾರು ಮಾಡುತ್ತಾರಂತೆ, ಮುದ್ದೆಯ ಕೋಲು ಹಿಡಿಯುವುದಿಲ್ಲವಂತೆ. ಅಂದಿನ ಮುದ್ದೆ ಚೆನ್ನಾಗಿತ್ತೆಂದು ಬೀಗರು ಈಗಲೂ ಹೇಳುತ್ತಾರೆ, ನಾನು ತಲೆಯಾಡಿಸುತ್ತೇನೆ. ಕೋಟು ತೊಡಿಸಿದ್ದು ನನ್ನ ಕೈ ಎಂಬುದನ್ನು ಕಂಡವರು ಇಬ್ಬರು, ಇಬ್ಬರೂ ಬದುಕಿದ್ದಾರೆ: ಯಲ್ಲದಕೆರೆಯ ಆ ಅಡುಗೆಯವರು, ಮತ್ತು ಅವರ ತಂಗಿ.